ಎರೆಮಣ್ಣು, ಅಟ್ರಾಜಿನ್: ನಿಧಾನ ಸಾರ್ಪ್ಶನ್ ಆನ್ ಮಾಡಿದರೂ ಪರ್ಲ್‌ನಲ್ಲಿ ಲೀಚಿಂಗ್ ಇಳೀತಿಲ್ಲ, ಹೈಡ್ರಸ್‌ನಲ್ಲಿ ಮಾತ್ರ ಇಳೀತದ

ಮುಧೋಳ_ಕಬ್ಬು:
ನಮಸ್ಕಾರ್ರಿ. ಎಂ.ಟೆಕ್ ಪ್ರಾಜೆಕ್ಟ್‌ಗೆ ಮುಧೋಳ ಕಡೆಯ ಕಬ್ಬಿನ ಹೊಲದಲ್ಲಿ ಅಟ್ರಾಜಿನ್ ಕಳೆನಾಶಕ 1 ಮೀಟರ್ ಆಳ ದಾಟಿ ಎಷ್ಟು ಇಳಿಯುತ್ತೆ (ಲೀಚಿಂಗ್) ಅಂತ ಪರ್ಲ್, ಹೈಡ್ರಸ್-1ಡಿ ಅನ್ನೋ ಎರಡು ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಲೆಕ್ಕ ಹಾಕ್ತಿದ್ದೇನೆ. ಮಣ್ಣಿನ ಸಾಂದ್ರತೆ ಲೀಟರಿಗೆ 1.2 ಕೆಜಿ, ತೇವ (ಗಾತ್ರದ ಲೆಕ್ಕದಲ್ಲಿ) 0.40, ಕೆಡಿ (ನೀರಿಗೆ ಹೋಲಿಸಿದರೆ ಮಣ್ಣಿಗೆ ಎಷ್ಟು ಅಂಟುತ್ತೆ ಅನ್ನೋದು) ಕೆಜಿಗೆ 1.2 ಲೀಟರ್, ಅರ್ಧಾಯು 40 ದಿನ. ಹಳೆಯದಾದಷ್ಟೂ ಔಷಧ ಮಣ್ಣಿಗೆ ಗಟ್ಟಿಯಾಗಿ ಅಂಟುತ್ತೆ (ನಿಧಾನ ಸಾರ್ಪ್ಶನ್), ಹಾಗಾಗಿ ಲೀಚಿಂಗ್ ಕಡಿಮೆ ಬರಬೇಕು ಅಂತ ಪೇಪರ್‌ಗಳಲ್ಲಿ ಓದಿ, ಅಲ್ಲೇ ಸಿಕ್ಕ ಬೆಲೆಗಳನ್ನ ಹಾಕಿದೆ: ಎಫ್‌ಎನ್‌ಇ (ನಿಧಾನವಾಗಿ ಅಂಟುವ ಜಾಗದ ಕೆಡಿ, ತಟ್ಟನೆ ಅಂಟುವ ಜಾಗದ ಕೆಡಿಯಲ್ಲಿ ಎಷ್ಟು ಪಾಲು ಅನ್ನೋದು) 0.3, ನಿಧಾನ ಜಾಗದ ವೇಗ ದಿನಕ್ಕೆ 0.01. ಪರ್ಲ್‌ನಲ್ಲಿ ಒಟ್ಟು ಲೀಚಿಂಗ್ ಹೆಚ್ಚುಕಮ್ಮಿ ಅಷ್ಟೇ ಬಂತು. ಅದೇ ಬೆಲೆ ಹೈಡ್ರಸ್-1ಡಿಗೆ ಹಾಕಿದರೆ ಚೆನ್ನಾಗಿ ಇಳೀತು. ಯಾವುದನ್ನ ನಂಬಲಿ?

ಗೋಕಾಕ_ಗಾಳಿ:
ಯುನಿಟ್ ನೋಡ್ರಿ ಮೊದಲು. ಹೈಡ್ರಸ್ ಒಳಗ ನೀವು ಸೆಂ.ಮೀ. ಆರಿಸಿದ್ರ ಸಾಂದ್ರತೆ, ಕೆಡಿ ಎಲ್ಲಾ ಅದಕ್ಕೇ ಹೊಂದಬೇಕು. ನನ್ನ ಲೆಕ್ಕ ಅಲ್ಲೇ ಒಂದು ವಾರ ಕೆಟ್ಟಿತ್ತು.

ಮುಧೋಳ_ಕಬ್ಬು:
ನೋಡಿದೆ ಸರ್, ಸರಿ ಇದೆ. ನಿಧಾನ ಸಾರ್ಪ್ಶನ್ ಆಫ್ ಮಾಡಿದರೆ ಎರಡೂ ಮಾಡೆಲ್ ಒಂದೇ ಉತ್ತರ ಕೊಡ್ತಾವೆ.

ಡೋಣಿ_ದಂಡೆ (ವಿಜಯಪುರ):
ಪರ್ಲ್ ಸರಿಯಾಗೇ ಹೇಳ್ತಿದೆ. ಹೈಡ್ರಸ್ ಕೂಡ ನೀವು ಕೇಳಿದ್ದನ್ನೇ ಹೇಳ್ತಿದೆ, ಆದರೆ ನೀವು ಕೇಳಿರೋದು ಬೇರೆ ಪ್ರಶ್ನೆ.

ಪರ್ಲ್‌ನಲ್ಲಿ ಔಷಧ ಮೂರು ಕಡೆ ಇರುತ್ತೆ: ನೀರಿನಲ್ಲಿ, ತಟ್ಟನೆ ಹಿಡಿದು ತಟ್ಟನೆ ಬಿಡುವ ಜಾಗದಲ್ಲಿ, ನಿಧಾನ ಜಾಗದಲ್ಲಿ. ಕೊಳೆಯೋದು ಮೊದಲ ಎರಡರಲ್ಲಿ ಮಾತ್ರ. ನಿಧಾನ ಜಾಗ ಹೊಕ್ಕ ಅಣು ಕೆಳಗೂ ಹೋಗಲ್ಲ, ಕೊಳೆಯೋದೂ ಇಲ್ಲ. ಅದರ ಗಡಿಯಾರ ನಿಂತಿರುತ್ತೆ, ಹೊರಗೆ ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತೆ. ಹಾಗಾಗಿ ನೀರಿನ ಹರಿವು ಒಂದೇ ಸಮ ಇದ್ದು ಸಾರ್ಪ್ಶನ್ ರೇಖೆ ನೇರವಾಗಿದ್ದರೆ, ನಿಧಾನ ಜಾಗ ಇರಲಿ ಬಿಡಲಿ, 1 ಮೀಟರ್ ದಾಟುವ ಒಟ್ಟು ಮೊತ್ತ ಬದಲಾಗಲ್ಲ. ನಿಧಾನ ಜಾಗದ ಸಮೀಕರಣವನ್ನ ಶುರುವಿನಿಂದ ಕೊನೆವರೆಗೆ ಇಂಟಿಗ್ರೇಟ್ ಮಾಡಿ ನೋಡಿ: ಅಲ್ಲಿ ಮೊದಲೂ ಸೊನ್ನೆ, ಕೊನೆಗೂ ಸೊನ್ನೆ, ಆ ಪದವೇ ಹಾರಿಹೋಗುತ್ತೆ. ಬದಲಾಗೋದು ಸಮಯ ಮಾತ್ರ, ತುದಿ ತಗ್ಗಿ ಬಾಲ ಉದ್ದ ಆಗುತ್ತೆ. ಮಳೆ ಬಿಟ್ಟು ಬಿಟ್ಟು ಬರುವ ನಮ್ಮ ಕಡೆ ಮೊತ್ತವೂ ಅಷ್ಟಿಷ್ಟು ಆಚೀಚೆ ಆಗುತ್ತೆ. ಬ್ಯಾಸಗಿ ಪೂರ್ತಿ ನಿಧಾನ ಜಾಗದಲ್ಲಿ ಕೊಳೆಯದೆ ಕೂತಿದ್ದು ಸೆಪ್ಟೆಂಬರ್ ಮಳೆಗೆ ಹೊರಬಿದ್ದರೆ ಹೆಚ್ಚೂ ಆಗಬಹುದು.

ಹಾಗಾದರೆ ಪೇಪರ್‌ಗಳಲ್ಲಿ ಕಾಣುವ ಇಳಿಕೆ ಎಲ್ಲಿಂದ ಬರುತ್ತೆ? ಅರ್ಧಾಯುವಿನಿಂದ. ನಿಮ್ಮ 40 ದಿನ ಹೇಗೆ ಬಂತು ಹೇಳಿ. ದ್ರಾವಕ ಹಾಕಿ ಮಣ್ಣಿನಲ್ಲಿದ್ದ ಅಷ್ಟೂ ಉಳಿಕೆ ತೆಗೆದು, ಅದರ ಮೇಲೆ ರೇಖೆ ಎಳೆದಿದ್ದಲ್ವಾ? ಆ ದ್ರಾವಕ ನಿಧಾನ ಜಾಗದ್ದನ್ನೂ ಕಿತ್ತು ತರುತ್ತೆ. ಅಂದರೆ ಕೊಳೆಯದೆ ಬಚ್ಚಿಟ್ಟುಕೊಂಡಿದ್ದ ಪಾಲೂ 40ರೊಳಗೆ ಸೇರಿದೆ. ಅದೇ 40 ಇಟ್ಟುಕೊಂಡು ನಿಧಾನ ಜಾಗ ಆನ್ ಮಾಡಿದರೆ ಆ ರಕ್ಷಣೆಯನ್ನ ಎರಡು ಸಲ ಲೆಕ್ಕ ಹಿಡಿದ ಹಾಗೆ. ನಿಮ್ಮ ಬೆಲೆಗಳಲ್ಲಿ, ಎಲ್ಲಾ ಸಮತೋಲಕ್ಕೆ ಬಂದಾಗ ಸುಮಾರು ಶೇ. 19 ಪಾಲು ನಿಧಾನ ಜಾಗದಲ್ಲಿ ಇರುತ್ತೆ. ಹೊರಗಿನದು ಕೊಳೆಯುತ್ತಾ ಹೋದ ಹಾಗೆ ಉಳಿದಿದ್ದರಲ್ಲಿ ಈ ಪಾಲು ಇನ್ನೂ ದೊಡ್ಡದಾಗುತ್ತೆ. ಆದ್ದರಿಂದ ಅದೇ ಲ್ಯಾಬ್ ಡೇಟಾಗೆ ನಿಧಾನ ಜಾಗ ಇರುವ ಮಾಡೆಲ್ಲನ್ನೇ ಕೂರಿಸಿ, ತಟ್ಟನೆ ಭಾಗದ ಅರ್ಧಾಯು ಹೊಸದಾಗಿ ತೆಗೀಬೇಕು. ಕೈಯಲ್ಲಿ ಹಾಕಿ ನೋಡಿದೆ, 36 ದಿನದ ಆಸುಪಾಸು ಬರುತ್ತೆ.

ನಾಲ್ಕು ದಿನ ಏನು ಮಹಾ ಅನ್ನಬೇಡಿ. 1 ಮೀಟರ್ ದಾಟುವ ಮುಂಚೆ ತಟ್ಟನೆ ಭಾಗದಲ್ಲಿ ಒಟ್ಟು ಒಂದು ವರ್ಷ ಕಳೆಯುವ ಔಷಧ ತಗೊಳ್ಳಿ. ಅರ್ಧಾಯು 40 ಇದ್ದಾಗ ಉಳಿಯುವುದರ ಅರ್ಧದಷ್ಟೇ 36ಕ್ಕೆ ಉಳಿಯುತ್ತೆ. ಲೀಚಿಂಗ್ ಲೆಕ್ಕದಲ್ಲಿ ಅರ್ಧಾಯು ಘಾತದ ಮೇಲೆ ಕೂತಿದೆ.

ಇನ್ನು ಹೈಡ್ರಸ್. ಎಫ್ (ತಟ್ಟನೆ ಜಾಗದ ಪಾಲು) ಎಷ್ಟು, ಕೆಡಿ ಎಷ್ಟು ಹಾಕಿದ್ದೀರಿ?

ಮುಧೋಳ_ಕಬ್ಬು:
ಎಫ್ 0.77, ಕೆಡಿ 1.56 ಹಾಕೀನ್ರಿ. ಕೊಳೆಯುವ ವೇಗ ನೀರಿಗೂ ಮಣ್ಣಿಗೂ ಒಂದೇ.

ಡೋಣಿ_ದಂಡೆ (ವಿಜಯಪುರ):
ಮೊದಲ ಎರಡು ಸರಿ. ಹೈಡ್ರಸ್ ಕೇಳೋದು ಎರಡೂ ಜಾಗ ಸೇರಿದ ಒಟ್ಟು ಕೆಡಿ, ಅಂದರೆ 1.2 ಗುಣಿಸು 1.3. ಎಫ್ ಅಂದರೆ 1 ಭಾಗಿಸು 1.3. ಬಹಳ ಜನ ಇಲ್ಲಿ 1.2 ಹಾಕಿ ಕೆಡ್ತಾರೆ.

ತೊಂದರೆ ಇರೋದು ಮೂರನೇದರಲ್ಲಿ. ಹೈಡ್ರಸ್‌ನಲ್ಲಿ ಮಣ್ಣಿನ ಹಂತಕ್ಕೆ ಕೊಟ್ಟ ಕೊಳೆಯುವ ವೇಗ ನಿಧಾನ ಜಾಗಕ್ಕೂ ಅನ್ವಯ ಆಗುತ್ತೆ. ಅಲ್ಲಿ ಗಡಿಯಾರ ನಿಲ್ಲಲ್ಲ. ಬಚ್ಚಿಟ್ಟುಕೊಂಡಿದ್ದೂ ಕೊಳೆಯೋದರಿಂದಲೇ ನಿಮಗೆ ಆ ಇಳಿಕೆ ಸಿಕ್ಕಿದ್ದು. ಪರ್ಲ್‌ಗೆ ಹೊಂದಿಸಬೇಕಿದ್ದರೆ ಮಣ್ಣಿನ ಹಂತದ ವೇಗ ಸೊನ್ನೆ ಮಾಡಿ, ನೀರಿನ ಹಂತದ್ದನ್ನ 4.6ರಿಂದ ಗುಣಿಸಿ. ಅದು 1 ಕೂಡಿಸು 1.2 × 1.2 ÷ 0.40. ತೇವ ಏರಿಳಿದಾಗ ಈ ಅಂಕಿ ಹಿಡಿತ ತಪ್ಪುತ್ತೆ, ಮೇಲಿನ 10 ಸೆಂ.ಮೀ.ನಲ್ಲಂತೂ ಖಂಡಿತ. ಹಾಗಾಗಿ ಇದನ್ನ ತಾಳೆ ನೋಡೋದಕ್ಕಷ್ಟೇ ಬಳಸಿ, ವರದಿಗೆ ಪರ್ಲ್ ಇಡಿ.

ಮುಧೋಳ_ಕಬ್ಬು:
ಬಹಳ ಉಪಕಾರ ಆಯ್ತು ಸರ್. ಎಫ್‌ಎನ್‌ಇ, ನಿಧಾನ ವೇಗ ಎರಡನ್ನೂ ನನ್ನ ಡೇಟಾದಿಂದಲೇ ತೆಗೀಬಹುದಾ? ಒಟ್ಟು ಉಳಿಕೆ ಮಾತ್ರ ಇದೆ.

ಡೋಣಿ_ದಂಡೆ (ವಿಜಯಪುರ):
ಆಗಲ್ಲ. ಒಟ್ಟು ಉಳಿಕೆಯೊಂದೇ ಇದ್ದರೆ ನೂರು ಜೋಡಿ ಬೆಲೆಗಳು ಅಷ್ಟೇ ಚೆಂದ ಕೂರ್ತಾವೆ. ಪ್ರತಿ ಸಲ ಮಣ್ಣು ತೆಗೆದಾಗ ಒಂದು ಪಾಲನ್ನ 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ 24 ತಾಸು ಅಲ್ಲಾಡಿಸಿ, ನೀರಿಗೆ ಎಷ್ಟು ಬಿಟ್ಟಿತು ಅಂತ ಅಳೀಬೇಕು. ಒಟ್ಟು ಉಳಿಕೆ, ನೀರಿನ ಸಾಂದ್ರತೆ ಎರಡೂ ಇದ್ದರೆ ಪರ್ಲ್‌ನೆಕ್ (ಈ ಬೆಲೆಗಳನ್ನ ಡೇಟಾದಿಂದ ತೆಗೆಯುವ ಪ್ರೋಗ್ರಾಂ) ಕೂರಿಸಿಕೊಡುತ್ತೆ. ಅಲ್ಲಿವರೆಗೆ 0.3, 0.01 ಅನ್ನೋದು ಎರವಲು ಬೆಲೆ. ಯುರೋಪಿನ ಮೊದಲ ಹಂತದ ಲೆಕ್ಕದಲ್ಲಿ ಎಫ್‌ಎನ್‌ಇ ಸೊನ್ನೆಯೇ ಇರುತ್ತೆ. ನೀವೂ ಸೊನ್ನೆಯದನ್ನ ಮುಖ್ಯ ಫಲಿತಾಂಶ ಮಾಡಿ, ಇದನ್ನ ಪಕ್ಕದಲ್ಲಿಡಿ.

ಅಥಣಿ_ಯರಿ:
ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ಇಷ್ಟೆಲ್ಲಾ ಲೆಕ್ಕ ಹಾಕೀರಿ, ಯರಿ ಹೊಲದ ಬಿರುಕು ಎಲ್ಲಿ ಹೋತು? ಬ್ಯಾಸಗ್ಯಾಗ ಕೈ ಹೋಗುವಷ್ಟು ಬಾಯಿ ಬಿಟ್ಟಿರ್ತದ. ಕಬ್ಬಿಗೆ ಹತ್ತು-ಹದಿನೈದು ದಿನಕ್ಕೊಮ್ಮೆ ನೀರು ಹಾಯಸ್ತೀವಿ, ಮಾಡೆಲ್‌ನಾಗ ಬರೇ ಮಳಿ ಅದನೋ ನೀರಾವರಿನೂ ಅದನೋ?

ಡೋಣಿ_ದಂಡೆ (ವಿಜಯಪುರ):
ಯಜಮಾನರು ಸರಿಯಾದ ಜಾಗಕ್ಕೇ ಕೈ ಹಾಕಿದರು. ವೇಗ ದಿನಕ್ಕೆ 0.01 ಇದ್ದರೆ ಹೊಡೆದ ಒಂದು ವಾರಕ್ಕೆ ನಿಧಾನ ಜಾಗ ಶೇ. 7ರಷ್ಟೂ ತುಂಬಿರಲ್ಲ. ಆ ವಾರದಲ್ಲೇ ನೀರು ಬಿರುಕಿನಲ್ಲಿ ಇಳಿದರೆ ಈ ಚರ್ಚೆಗೆ ಅರ್ಥವೇ ಇಲ್ಲ, ಔಷಧ ಮಣ್ಣನ್ನ ಸರಿಯಾಗಿ ಮುಟ್ಟಿರೋದೇ ಇಲ್ಲ. ಬಿರುಕಿಗೆ ಮ್ಯಾಕ್ರೋ ಅನ್ನೋ ಇನ್ನೊಂದು ಮಾಡೆಲ್ ಅಥವಾ ಹೈಡ್ರಸ್‌ನ ಎರಡು-ಹರಿವಿನ ಆಯ್ಕೆ ಬೇಕು. ನನ್ನ ಕೇಳಿದರೆ ನೀರಾವರಿ ದಿನಾಂಕ ಮೊದಲು, ಬಿರುಕು ಆಮೇಲೆ, ನಿಧಾನ ಸಾರ್ಪ್ಶನ್ ಕೊನೆಗೆ. ಯಾವ ಮಿತಿಗೆ ಹೋಲಿಸ್ತೀರಿ ಅನ್ನೋದನ್ನೂ ಬರೀರಿ: ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಅಟ್ರಾಜಿನ್‌ಗೆ ಲೀಟರಿಗೆ 2 ಮೈಕ್ರೋಗ್ರಾಂ, ಯುರೋಪಿನದು 0.1.

ಮುಧೋಳ_ಕಬ್ಬು:
ನೀರಾವರಿ ಹಾಕಿರಲಿಲ್ರಿ, ಈಗ ಹಾಕ್ತೀನಿ. ಒಂದೇ ಸಮ ಹರಿವು ಇಟ್ಟು ಪರ್ಲ್ ಓಡಿಸಿ ನೋಡಿದೆ, ನೀವು ಹೇಳಿದ ಹಾಗೇ ಒಟ್ಟು ಮೊತ್ತ ಕದಲಲಿಲ್ಲ. ಕೊನೇ ಪ್ರಶ್ನೆ: ಅಟ್ರಾಜಿನ್ ಕೊಳೆತಾಗ ಬರುವ ಡಿಸ್‌ಇಥೈಲ್ ಅಟ್ರಾಜಿನ್‌ಗೂ ಎಫ್‌ಎನ್‌ಇ 0.3 ಹಾಕಲಾ?

ಡೋಣಿ_ದಂಡೆ (ವಿಜಯಪುರ):
ಬೇಡ, ಸೊನ್ನೆ ಇಡಿ. ಅದು ಮೂಲ ಔಷಧಕ್ಕಿಂತ ಸಲೀಸಾಗಿ ಇಳಿಯುವ ವಸ್ತು, ಅದಕ್ಕೇ ಬೇರೆ ಅಳತೆ ಬೇಕು.