ಕ್ಯಾಪ್ಸೂಲ್ ವಾರ್ಡ್‌ರೋಬ್: ನಳ ನಾಕ್ ದಿನಕ್ಕೊಮ್ಮೆ ಬರೂ ಮನಿಗೆ ಎಷ್ಟ್ ಬಟ್ಟಿ ಬೇಕ್ರಿ?

ಗುಮ್ಮಟದೂರು (ಪ್ರಶ್ನೆ)

ಸ್ವಲ್ಪೇ ಬಟ್ಟಿ ಇಟ್ಕೊಂಡು ಅವನ್ನೇ ಕೂಡಿಸಿ ಹಾಕೂ ಕ್ಯಾಪ್ಸೂಲ್ ವಾರ್ಡ್‌ರೋಬ್ ಮಾಡ್ಬೇಕಂತ ಕಪಾಟು ಖಾಲಿ ಮಾಡಿ ಎಲ್ಲಾ ಬಟ್ಟಿ ಪಲ್ಲಂಗದ ಮ್ಯಾಲ ಒಟ್ಟೇನಿ. ನೆಟ್‌ನ್ಯಾಗ ಒಬ್ಬರು 33 ಸಾಕು ಅಂತಾರ, ಇನ್ನೊಬ್ಬರು 50 ಅಂತಾರ. ನಂದು ವಿಜಯಪುರದಾಗ ಆಫೀಸ್ ಕೆಲಸ, ವಾರಕ್ಕ ಆರು ದಿನ. ಎರಡು ದಿನ ಸೀರಿ, ಉಳಿದ ನಾಕ್ ದಿನ ಚೂಡಿದಾರ. ನಮ್ಮ ಓಣ್ಯಾಗ ನಳ ಬರೂದು ನಾಕ್ ದಿನಕ್ಕೊಮ್ಮೆ, ಬಟ್ಟಿ ಒಗೆಯೂದೂ ಅವತ್ತೇ. ಇಸ್ತ್ರಿ ಹೊರಗ ಕೊಡ್ತೀನಿ, ಎರಡು ದಿನ ಹಿಡಿತೈತಿ. ಜೂನ್‌ದಾಗ ಬೆಳಗಾವಿಗೆ ವರ್ಗ ಆಗೂದೈತಿ. ಇದಕ್ಕೇನರ ಲೆಕ್ಕ ಐತೇನ್ರಿ? ಆಯೇರಿ (ಉಡುಗೊರಿ ಬಂದ) ಸೀರಿ, ಉಡಿ ತುಂಬಿದ ಖಣ ಇವನ್ನೂ ಎಣಸ್ಬೇಕೋ ಬ್ಯಾಡೋ?

ಲೆಕ್ಕಪತ್ರ

ಮೇಡಂ, ಆ 33 ಕೋರ್ಟ್ನಿ ಕಾರ್ವರ್ ಎಂಬ ಅಮೆರಿಕದ ಹೆಣ್ಣುಮಗಳು 2010ರಲ್ಲಿ ಶುರು ಮಾಡಿದ ಪದ್ಧತಿ. ಮೂರು ತಿಂಗಳಿಗೆ 33, ಅದರಲ್ಲಿ ಚಪ್ಪಲಿ, ಆಭರಣವೂ ಸೇರಿತು. ಒಳಉಡುಪು, ಮನೆಯಲ್ಲಿ ಉಡುವುದು, ಮಲಗುವಾಗಿನದು ಲೆಕ್ಕಕ್ಕೆ ಇಲ್ಲ. ನಳದ ಪಾಳಿ ಕಾಯುವ ಮನೆಯನ್ನು ನೋಡಿ ಹಾಕಿದ ಅಂಕಿ ಅದಲ್ಲ, ಬಿಡಿ.

ನಿಮಗೆ ಬೇಕಾದದ್ದು ಒಂದು ಬಟ್ಟೆ ಮೈಯಿಂದ ಇಳಿದು ಮತ್ತೆ ಕಪಾಟಿಗೆ ಬರಲು ಹಿಡಿಯುವ ದಿನ. ಒಗೆತದ ನಡುವಿನ ಅಂತರ 4, ಒಣಗಲು 1, ಇಸ್ತ್ರಿ 2, ಒಟ್ಟು 7 ದಿನ. ಆ 7 ದಿನದಲ್ಲಿ ಆಫೀಸು 6 ದಿನ: 2 ಸೀರೆ, 4 ಚೂಡಿದಾರ. ಎರಡಕ್ಕೂ ಒಂದೊಂದು ಹೆಚ್ಚುವರಿ ಹಾಕಿ. 3 ಜಂಪರ್ (ಸೀರೆಯ ಕುಪ್ಪಸ), 5 ಟಾಪ್. ವಿಜಯಪುರಕ್ಕೆ ಇಷ್ಟು ಸಾಕು.

ಬೆಳಗಾವಿ ಮಳೆಯಲ್ಲಿ ಒಣಗಲು 3 ದಿನ ಹಿಡಿಯಿರಿ, ಸುತ್ತು 9 ದಿನಕ್ಕೆ ಹೋಗುತ್ತದೆ. ಸೋಮವಾರ, ಶುಕ್ರವಾರ ಸೀರೆ ಎಂದರೆ 9 ದಿನದಲ್ಲಿ ಮೂರು ಸಲ ಸೀರೆಯೇ ಬರಬಹುದು, ಇನ್ನೊಂದು ಸಲ ಚೂಡಿದಾರ ಆರು ದಿನ ಬರಬಹುದು. ಆದ್ದರಿಂದ 4 ಜಂಪರ್, 7 ಟಾಪ್. ಅಲ್ಲಿ ನಳ ದಿನಾ ಬಂದರೆ ಈ ಅಂಕಿ ಇಳಿಯುತ್ತದೆ, ಹೋದ ಮೇಲೆ ಮತ್ತೆ ಹಾಕಿ ನೋಡಿ. ಅಲ್ಲಿಯವರೆಗೆ ಹೊಸದೇನೂ ಕೊಳ್ಳಬೇಡಿ.

ಜನ ಎಡವುವುದು ಎರಡು ಕಡೆ. ಒಗೆತದ ಅಂತರವನ್ನು ಸರಾಸರಿ ಹಿಡಿಯುತ್ತಾರೆ. ನಾಲ್ಕು ದಿನಕ್ಕೆ ಬರುವ ನೀರು ಒಮ್ಮೊಮ್ಮೆ ಆರು ದಿನ ಬರದಿದ್ದರೆ ಆರನ್ನೇ ಹಿಡಿಯಬೇಕು. ಎರಡನೆಯದು, ಎಲ್ಲಾ ಬಟ್ಟೆಗೂ ಒಂದೇ ಲೆಕ್ಕ. ಜೀನ್ಸ್ ನಾಲ್ಕು ಸಲ ಹಾಕಬಹುದು, ಹಾಗಾಗಿ ಎರಡೇ ಸಾಕು. ಲೆಗಿನ್ಸ್ ಒಂದೇ ಸಲ. ಒಳಉಡುಪಿಗೆ ಇಸ್ತ್ರಿಯ 2 ದಿನ ಕಳೆಯಿರಿ, ಆದರೆ ರವಿವಾರ ಕಳೆಯಬೇಡಿ.

ಖಣದ_ಜಂಪರ್

ಮೇಲಿನವರು ಸೀರೆ ಎನ್ನದೆ ಜಂಪರ್ ಎಣಿಸಿದ್ದು ಸರಿಯಾಗಿದೆ. ಹತ್ತಿ ಸೀರೆಯನ್ನು ನೆರಳಲ್ಲಿ ಗಾಳಿಗೆ ಹಾಕಿ ಎರಡು ಸಲ ಉಡಬಹುದು, ಜಂಪರ್ ಬೆವರಿಗೆ ಒಂದೇ ದಿನ. ಕಪಾಟಲ್ಲಿ ಮೂವತ್ತು ಸೀರೆ ಇದ್ದೂ ಉಡಲು ಸೀರೆ ಇಲ್ಲ ಅನಿಸುವುದು ಮೈಗೆ ಹಿಡಿಯುವ ಜಂಪರ್ ಇಲ್ಲದ್ದರಿಂದ. ಮೊದಲು ಎಲ್ಲಾ ಜಂಪರ್ ಹಾಕಿ ನೋಡಿ, ಹುಕ್ಕು ಕೂಡದವನ್ನು ಒಳಮೈ ತಿರುಗಿಸಿ. ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಸಡಿಲಿಸಬಹುದು. ಬಿಟ್ಟಿಲ್ಲದಿದ್ದರೆ ಅದು ಹೋಯಿತು ಅಂತಲೇ ತಿಳಿಯಿರಿ.

ಕಡಿಮೆ ಜಂಪರ್‌ಗೆ ಹೆಚ್ಚು ಸೀರೆ ಕೂಡಿಸುವುದು ನಮ್ಮ ಕಡೆ ಸುಲಭ. ಇಳಕಲ್ ಸೀರೆಯ ಒಡಲು ಯಾವ ಬಣ್ಣವಿದ್ದರೂ ಸೆರಗು ಸಾಮಾನ್ಯವಾಗಿ ಕೆಂಪು, ಅದರಲ್ಲಿ ಬಿಳಿ ತೆನೆ. ಒಂದು ಕೆಂಪು ಗುಳೇದಗುಡ್ಡ ಖಣದ ಜಂಪರ್ ಇದ್ದರೆ ನಾಲ್ಕು ಇಳಕಲ್‌ಗೆ ನಡೆಯುತ್ತದೆ. ಇನ್ನೊಂದು ಕರಿ, ಇನ್ನೊಂದು ಹಳದಿ ಅಥವಾ ಹಸಿರು, ದಡಿಯ ಬಣ್ಣ ನೋಡಿ. ಹೊಸದಾಗಿ ಹೊಲಿಸುವಾಗ ಒಳಗಿನ ಲೈನಿಂಗ್ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಮೇಲಿನ ಖಣ ಸುಕ್ಕು ಹಿಡಿಯುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗದು. ಪರಕರ (ಸೀರೆಯ ಒಳಲಂಗ) ಮೂರು ಸಾಕು: ಕೆಂಪು, ಕರಿ, ಕೆನೆ ಬಣ್ಣ.

ಸೆರಗನ್ನು ಭುಜಕ್ಕೆ ಪಿನ್ ಮಾಡುವಾಗ ಒಡಲು, ಸೆರಗು ಕೂಡುವ ಜಾಗ ಬಿಟ್ಟು ಚುಚ್ಚಿ. ಇಳಕಲ್‌ದಲ್ಲಿ ಎರಡರ ಹಾಸನ್ನೂ (ಉದ್ದದ ಎಳೆಗಳನ್ನು) ಕುಣಿಕೆ ಹಾಕಿ ಕೂಡಿಸಿರುತ್ತಾರೆ, ಪಿನ್ ಎಳೆದರೆ ಕುಣಿಕೆ ಬಿಡುತ್ತದೆ.

ಕೌದಿ_ಕಟ್ಟಿ

ಆಯೇರಿ ಸೀರಿ, ಉಡಿ ಖಣ ಎಣಿಸಬ್ಯಾಡ್ರೀ ಅಕ್ಕಾರ. ಅವು ನಿಮ್ಮ ಬಟ್ಟಿ ಅಲ್ಲ, ಮುಂದಿನ ಮನಿಗೆ ಹೋಗೂವು. ಒಂದು ಬ್ಯಾರೆ ಚೀಲದಾಗ ಹಾಕಿ, ಒಂದೊಂದಕ್ಕೂ ಯಾರು ಕೊಟ್ಟಿದ್ದು ಅಂತ ಚೀಟಿ ಸಿಗಸ್ರಿ. ಚೀಟಿ ಇಲ್ಲಂದ್ರ ಕೊಟ್ಟವರ ಮನಿಗೇ ತಿರುಗಿ ಕೊಟ್ಟ ಬರ್ತೀರಿ, ಅವರು ಅದನ್ನ ಜಲ್ಮದಾಗ ಮರಿಯಂಗಿಲ್ಲ 😄

ಉಳಿದ ಹಳೇ ಬಟ್ಟಿ ಹತ್ತೀದು, ಸಿಂಥೆಟಿಕ್ಕು ಅಂತ ಎರಡು ಕುಪ್ಪಿ ಮಾಡ್ರಿ. ಹತ್ತಿ ಸೀರಿ ಕೌದಿಗೆ. ಏಳು ಫೂಟಿನ ತುಂಡು ಎರಡು ಜೋಡಿಸಿದ್ರ ಒಂದು ಪದರ, ಅಂದ್ರ ಒಂದು ಪದರಕ್ಕ ಹತ್ರ ಹತ್ರ ಒಂದು ಸೀರಿ. ನಾಕೈದು ಪದರ ಬೇಕು. ಸಿಂಥೆಟಿಕ್ ನಡುವ ಸೇರಿಸಿದ್ರ ದಾರ ಹಾಕೂ ಮುಂದ ಪದರ ಜಾರ್ತಾವ, ಹೊಚ್ಕೊಂಡ್ರ ಸೆಕಿ. ಅವನ್ನ ಭಾಂಡೆದಾಕಿಗೆ ಕೊಟ್ಟು ಸ್ಟೀಲ್ ಡಬ್ಬಿ ತಗೋರಿ, ಆದ್ರ ಡಬ್ಬಿ ಎಣಿಸೂ ಕ್ಯಾಪ್ಸೂಲ್ ಇನ್ನೊಂದು ಶುರು ಆಗ್ತೈತಿ ನೋಡ್ರಿ.

ಗುಮ್ಮಟದೂರು

ಈಗ ತಿಳೀತು. ಜಂಪರ್ ಎಣಿಸಿದೆ: ಹನ್ನೊಂದು, ಹಿಡಿಯೂವು ನಾಕು. ರೇಷ್ಮಿ ಸೀರಿ ಏನ್ ಮಾಡ್ಲಿ? ಬೆಳಗಾವಿ ತಂಪಿಗೆ ಬೂಷ್ಟು ಹಿಡಿತಾವ ಅಂತಾರ.

ಟಿಳಕವಾಡಿ_ಮಳಿ

ಹಿಡೀತಾವ್ರಿ. ಕಪಾಟು ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ, ನಾಕ್ ಬೆರಳು ಜಾಗ ಬಿಡ್ರಿ. ರೇಷ್ಮಿ ಸೀರಿ ಒಂದೊಂದನ್ನೂ ಹಳೇ ಬಿಳಿ ಧೋತರದ ತುಂಡಿನ್ಯಾಗ ಸುತ್ರಿ, ಪ್ಲಾಸ್ಟಿಕ್ ಕವರ್ ಬ್ಯಾಡ, ಒಳಗಿನ ಹಸಿ ಹೊರಗ ಹೋಗಂಗಿಲ್ಲ. ಡಾಂಬರ ಗುಳಿಗಿ ಜರಿಗೆ ತಾಗಬಾರದು, ಕಪ್ಪಾಗ್ತೈತಿ. ಅದೇ ಮಡಿಕಿ ಭಾಳ ದಿನ ಇದ್ರ ಗೆರೆ ಹಿಡದು ಸೀಳ್ತೈತಿ, ಮೂರು ತಿಂಗಳಿಗೊಮ್ಮೆ ಬಿಚ್ಚಿ ಬ್ಯಾರೆ ಕಡೆ ಮಡಚ್ರಿ. ಜೂನ್‌ಕಿಂತ ಮೊದಲ ಒಮ್ಮೆ ನೆರಳಾಗ ಗಾಳಿಗೆ ಹಾಕಿ ಪೂರಾ ಒಣಗಿಸಿ ಇಟ್ರ ಅರ್ಧ ಕೆಲಸ ಆದಂಗ.

ಆಫೀಸಿನ ಏಳು ಟಾಪ್‌ನ್ಯಾಗ ಮೂರಾದರೂ ತೆಳು ಹತ್ತಿ-ಪಾಲಿಸ್ಟರ್ ಮಿಶ್ರ ಇರಲಿ, ಫ್ಯಾನ್ ಕೆಳಗ ರಾತ್ರಿ ಹಾಕಿದ್ರ ಬೆಳಗ್ಗೆ ಒಣಗಿರ್ತಾವ. ಎರಡು ಜೀನ್ಸ್ ಮಳಿ ಮುಗಿಯೂತನಕ ಕಟ್ಟಿ ಇಡ್ರಿ, ಅವುಗಳ ಸೊಂಟದ ಪಟ್ಟಿ ಒಣಗಂಗೇ ಇಲ್ಲ. ಬಿಳಿ ಲೆಗಿನ್ಸೂ ಬ್ಯಾಡ, ಇಲ್ಲಿ ಬೆಳಗಾವ್ಯಾಗ ಕೆಂಪು ಮಣ್ಣಿನ ರಾಡಿ ಹಿಮ್ಮಡಿ ಮ್ಯಾಲ ಸಿಡದ್ರ ಕಲೆ ಹೋಗೂದಿಲ್ಲ. ಸ್ವೆಟರ್ ಒಂದು ಸಾಕು, ರೇನ್‌ಕೋಟ್ ಮಾತ್ರ ಲೆಕ್ಕ ಮಾಡದ ತಗೋರಿ.