ಕಾಲೇಜು, ಕಡಕ್ ರೊಟ್ಟಿ, ಉದ್ರಿ: ಹೇಗೆ ಸಂಭಾಳಿಸುವುದು?

ಪ್ರಶ್ನೆ: ಧಾರವಾಡದಲ್ಲಿ ಬಿ.ಕಾಂ ಎರಡನೇ ವರ್ಷ. ಊರಲ್ಲಿ ಅವ್ವ ಬಡಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಪಿಜಿ ಹುಡುಗಿಯರಿಗೆ ಮಾರುತ್ತೇನೆ. ಬೆಳಗಿನ ಬಸ್ಸಿಗೆ ಗಂಟು ಬರುತ್ತದೆ. ತಳದಲ್ಲಿ ಮುರಿದ ರೊಟ್ಟಿಯೇ ನನ್ನ ನಾಷ್ಟಾ! ಕ್ಲಾಸು ಮುಗಿಸಿ ಸಂಜೆ ಹಂಚುವುದು ಕಷ್ಟವಲ್ಲ, ಉದ್ರಿಯದ್ದೇ ತಲೆನೋವು. ಗೆಳತಿಯರೇ ಗಿರಾಕಿಗಳು. ‘ಮುಂದಿನ ವಾರ ಕೊಡ್ತೀನಿ ಬಿಡಲೇ’ ಅಂದರೆ ಏನು ಹೇಳಲಿ? ಪರೀಕ್ಷೆ ಬೇರೆ ಹತ್ತಿರ ಬಂತು.

ಉತ್ತರ 1: ತಂಗಿ, ಮೊದಲು ದುಡ್ಡು, ಆಮೇಲೆ ರೊಟ್ಟಿ. ನಾನು ಓದುವಾಗ ಟೀ ಶರ್ಟ್ ಪ್ರಿಂಟ್ ಮಾಡಿಸಿ ಕೊಡುತ್ತಿದ್ದೆ. ಭಾನುವಾರ ವಾಟ್ಸಾಪ್‌ನಲ್ಲಿ ಆರ್ಡರ್, ಯುಪಿಐ ಮಾಡಿದವರಿಗಷ್ಟೇ ಮಾಲು. ಮುಜುಗರ ಒಂದು ವಾರ ಇರುತ್ತದೆ, ಅಷ್ಟೇ.

ಉತ್ತರ 2: ಮನೆಯಲ್ಲಿ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೂ ತೆರಿಗೆ ನೋಟಿಸ್ ಬಂದಿತ್ತಲ್ವಾ? ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ. ನಿಮಗೆ ಸದ್ಯ ಆ ಚಿಂತೆ ಇಲ್ಲ ಬಿಡಿ, ಆದರೆ ಅಪ್ಪ ಕಳಿಸಿದ ಫೀಸು, ರೊಟ್ಟಿ ದುಡ್ಡು ಕಲಸಬೇಡಿ.

ಉತ್ತರ 3: ಪರೀಕ್ಷೆಗೆ ಮೊದಲೇ ಜಾಸ್ತಿ ತರಿಸಿ ಕೊಟ್ಟುಬಿಡಿ. ಕಡಕ್ ರೊಟ್ಟಿ ಬೇಗ ಕೆಡುವುದಿಲ್ಲ. ಅಂದ ಹಾಗೆ, ಅವ್ವನ ಕೂಲಿ ಲೆಕ್ಕಕ್ಕೆ ಹಿಡಿದಿದ್ದೀರಾ?

ಪ್ರಶ್ನೆ ಕೇಳಿದವಳು: ಅವ್ವ ಬೇಡ ಅನ್ನುತ್ತಾಳೆ. ಹಿಟ್ಟು, ಶೇಂಗಾ, ಗ್ಯಾಸು ಕಳೆದು ಉಳಿದದ್ದರಲ್ಲಿ ಅರ್ಧ ಅವಳ ಖಾತೆಗೆ ಸುಮ್ನೆ ಹಾಕಿಬಿಡುತ್ತೇನೆ. ಅಡ್ವಾನ್ಸ್ ಮೆಸೇಜ್ ಈಗಷ್ಟೇ ಗ್ರೂಪಿಗೆ ಹಾಕಿದೆ. ಇಬ್ಬರು ಗ್ರೂಪ್ ಬಿಟ್ಟರು, ಇಬ್ಬರೂ ಉದ್ರಿಯವರೇ!