ಟೆಲಿಸ್ಕೋಪ್ ಹೊರಗಿಟ್ಟು ಎಷ್ಟು ಹೊತ್ತು ಕಾಯುತ್ತೀರಿ?

ಪ್ರಶ್ನೆ, ದಾವಣಗೆರೆಯಿಂದ: ಎಂಟು ಇಂಚು ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ತಗೊಂಡು ತಿಂಗಳಾಯಿತು. 10 ಎಂಎಂ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ ಗುರು ಗ್ರಹ ನೋಡಿದರೆ ನೀರಿಗೆ ಬಿದ್ದ ನಾಣ್ಯದ ಹಾಗೆ ಅಲ್ಲಾಡುತ್ತದೆ. ಪಟ್ಟೆಗಳೇ ಸಿಗಲ್ಲ. ಕೋಣೆಯಿಂದ ತಂದ ತಕ್ಷಣ ನೋಡಬಾರದಂತೆ, ನಿಜಾನಾ?

ಚಿತ್ರದುರ್ಗದಿಂದ: ನಿಜ ಸರ್. ನಾನಂತೂ ಕನ್ನಡಿಯೇ ಸರಿಯಿಲ್ಲ ಅಂತ ಮಾರಿದವರಿಗೆ ಫೋನ್ ಮಾಡಿ ಜಗಳ ಆಡಿದ್ದೆ. ತಪ್ಪು ನನ್ನದೇ. ಕನ್ನಡಿ ದಪ್ಪ ಗಾಜು, ಬೇಗ ಆರಲ್ಲ. ಅದರ ಮೇಲಿನ ಬೆಚ್ಚಗಿನ ಗಾಳಿ ಟ್ಯೂಬ್ ಒಳಗೇ ಏಳುತ್ತಾ ಇರುತ್ತದೆ. ಒಲೆ ಆರಿಸಿದ ಮೇಲೂ ದೋಸೆ ಹಂಚಿನ ಮೇಲೆ ಗಾಳಿ ನಡುಗುತ್ತದಲ್ಲ, ಹಾಗೆ. ಎಂಟು ಇಂಚಿಗೆ ನಾನು ಒಂದು ಗಂಟೆ ಬಿಡುತ್ತೇನೆ.

ಗಡಿಯಾರ ನೋಡೋದಕ್ಕಿಂತ ನಕ್ಷತ್ರ ನೋಡಿ. ಹೊಳೆಯುವ ಒಂದನ್ನು ಹಿಡಿದು ಫೋಕಸ್ ತಪ್ಪಿಸಿ. ನಡುವೆ ಕಪ್ಪು ಚುಕ್ಕೆ ಇರುವ ದುಂಡು ಬಿಲ್ಲೆ ಕಾಣುತ್ತದೆ. ಅದರಲ್ಲಿ ಊದುಬತ್ತಿ ಹೊಗೆಯಂಥ ಎಳೆ ನಿಧಾನಕ್ಕೆ ಹರಿದಾಡಿದರೆ ಕನ್ನಡಿ ಇನ್ನೂ ಬಿಸಿ. ಟ್ಯೂಬ್ ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ, ಕೈಯ ಕಾವೂ ಹಾಗೇ ಕಾಣುತ್ತದೆ! ಬಿಲ್ಲೆ ಪೂರ್ತಿ ಹೊಳೆಯ ನೀರಿನಂತೆ ಸರಸರ ಹರಿದರೆ ಅದು ಮೇಲಿನ ಗಾಳಿಯ ಆಟ. ಅದಕ್ಕೆ ಎಷ್ಟು ಕಾದರೂ ಅಷ್ಟೇ, ಹೋಗಿ ಮಲಗಿ.

ದಾವಣಗೆರೆಯಿಂದ ಇನ್ನೊಬ್ಬರು: ತಾರಸಿ ಮೇಲಿಡುತ್ತೀರಾ? ಏಪ್ರಿಲ್‌ನಲ್ಲಿ ನಮ್ಮ ತಾರಸಿ ರಾತ್ರಿ ಹತ್ತಕ್ಕೂ ಬರಿಗಾಲಿಗೆ ಬೆಚ್ಚಗಿರುತ್ತದೆ. ಟೆಲಿಸ್ಕೋಪ್ ತಣ್ಣಗಾದರೂ ಕಾಂಕ್ರೀಟಿನ ಕಾವು ಬಿಡಲ್ಲ. ಹಿತ್ತಲ ಮಣ್ಣಿನ ಮೇಲೆ ಇಟ್ಟ ಮೇಲೆ ಎಷ್ಟೋ ವಾಸಿ. ಹೊತ್ತು ತರೋದು ತಪ್ಪುತ್ತದೆ ಅಂತ ಮೆಟ್ಟಿಲ ಮೇಲಿನ ಶೀಟಿನ ಕೋಣೆಯಲ್ಲಿ ಇಡಬೇಡಿ. ನಾನು ಇಟ್ಟಿದ್ದೆ, ಸಂಜೆ ಟ್ಯೂಬ್ ಮುಟ್ಟಿದರೆ ಒಲೆ ಪಕ್ಕದ ಪಾತ್ರೆ! ಅವತ್ತು ಎರಡು ಗಂಟೆ ಕಾದರೂ ಆಗಲಿಲ್ಲ.

ಹಿರಿಯೂರಿನಿಂದ: ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಕನ್ನಡಿ ಹಿಂದೆ ಗಾಳಿ ಬೀಸುವ ಹಾಗೆ ಕಟ್ಟಿ. ಹಳೇ ಯುಪಿಎಸ್ ಬ್ಯಾಟರಿ ಸಾಕು. ಸ್ಕ್ರೂ ಹಾಕಬೇಡಿ, ರಬ್ಬರ್ ಬ್ಯಾಂಡಿನಲ್ಲಿ ತೂಗುಹಾಕಿ. ಇಲ್ಲದಿದ್ದರೆ ನಕ್ಷತ್ರವೂ ಅದುರುತ್ತದೆ. ನನಗೆ ಕಾಯುವ ಹೊತ್ತು ಅರ್ಧ ಆಯಿತು. ಅಷ್ಟರೊಳಗೆ 25 ಎಂಎಂ ಐಪೀಸ್ ಹಾಕಿ ಕೃತ್ತಿಕೆ ನೋಡಿ. ಕಡಿಮೆ ವರ್ಧನೆಯಲ್ಲಿ ಈ ತಕರಾರು ಅಷ್ಟಾಗಿ ಕಾಣಲ್ಲ.

ಚಿತ್ರದುರ್ಗದಿಂದ ಮತ್ತೆ: ಒಳಗೆ ತರುವ ಮುಂಚೆ ಹೊರಗಡೆಯೇ ಮುಚ್ಚಳ ಹಾಕಿ. ತಣ್ಣಗಾದ ಕನ್ನಡಿಗೆ ಮನೆಯ ಗಾಳಿ ತಾಗಿದರೆ ಬೆವರುತ್ತದೆ. ಬೆವರಿದರೆ ಒರೆಸಲೇಬೇಡಿ, ತಾನೇ ಆರಲಿ.

ಪ್ರಶ್ನೆ ಕೇಳಿದವರು: ನಿನ್ನೆ ಏಳಕ್ಕೆ ಹಿತ್ತಲಲ್ಲಿ ಇಟ್ಟೆ. ಏಳೂವರೆಗೆ ಆ ಊದುಬತ್ತಿ ಹೊಗೆ ಕಂಡಿತು. ಎಂಟೂವರೆಗೆ ಹೊಗೆ ಇಲ್ಲ, ಗುರುವಿನ ಎರಡು ಪಟ್ಟೆ ಗೆರೆ ಎಳೆದ ಹಾಗೆ! ಹೆಂಡತಿಯನ್ನೂ ಕರೆದು ತೋರಿಸಿದೆ. ಫ್ಯಾನ್ 80 ಎಂಎಂ ಆದರೆ ಸಾಕಾ?

ಹಿರಿಯೂರಿನಿಂದ: ಸಾಕು. ರಬ್ಬರ್ ಬ್ಯಾಂಡ್ ಮರೀಬೇಡಿ.